ಪಂಚಗಂಗಾವಳಿಯ ಉಪ್ಪುನೀರು ಮತ್ತು ನನ್ನ ಬ್ಯಾಟರಿ ಡಬ್ಬಿ

ಬೆಂಗಳೂರಿನಿಂದ ಊರಿಗೆ ಹೋಗುವ ನಮ್ಮ ರಾತ್ರಿ ರೈಲಿನ ಹೆಸರೇ ಪಂಚಗಂಗಾ ಎಕ್ಸ್‌ಪ್ರೆಸ್. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಕೇದಕ ಎಂಬ ಐದು ನದಿಗಳು ಕುಂದಾಪುರದ ಹತ್ತಿರ ಸೇರಿ ಸಮುದ್ರಕ್ಕೆ ಹೋಗ್ತವೆ. ಅದೇ ಪಂಚಗಂಗಾವಳಿ. ಈ ಕಡೆ ಕೋಡಿ, ಆ ಕಡೆ ಗಂಗೊಳ್ಳಿ ಬಂದರು, ನಡುವೆ ಅಗಲವಾದ ಅಳಿವೆ. ಒಳಗೆ ಹೋದರೆ ಕಾಂಡ್ಲಾ ಗಿಡಗಳ ಸಾಲು, ತೆಂಗಿನ ಕುದ್ರುಗಳು, ಅವುಗಳ ನಡುವೆ ಹತ್ತಾರು ಸಣ್ಣ ಕಾಲುವೆಗಳು.

ಮೂಡ್ಲಕಟ್ಟೆ ಸ್ಟೇಷನ್ನಿನಲ್ಲಿ ಇಳಿದು ಆಟೋ ಹಿಡಿಯುವಾಗಲೇ ನನ್ನ ತಲೆಯಲ್ಲಿ ಆಫೀಸಿನ ಸ್ಟ್ಯಾಂಡ್‌ಅಪ್ ಮೀಟಿಂಗ್ ಆಫ್ ಆಗಿರುತ್ತೆ. ಎರಡು ವರ್ಷದ ಹಿಂದೆ ಗೋವಾದಿಂದ ಒಂದು ಹಳೇ ಕಯಾಕ್ ತರಿಸಿದೆ. ಮೇಲೆ ಕೂತು ಹುಟ್ಟು ಹಾಕುವ, ಮುಚ್ಚಿದ ಪ್ಲಾಸ್ಟಿಕ್ ದೋಣಿ. ಅದಕ್ಕೆ ಐದು ಇಂಚಿನ ಫಿಶ್ ಫೈಂಡರ್ ಕೂಡಿಸಿದೆ. ನೀರಿನ ಆಳ, ತಳದ ಕಲ್ಲು, ಮೀನಿನ ಗುರುತು ಎಲ್ಲ ತೋರಿಸುತ್ತೆ. ಜಿಪಿಎಸ್ ಇರೋದರಿಂದ ನಾವು ಬಂದ ದಾರಿಯನ್ನೂ ಗೆರೆ ಎಳೆದು ಇಡುತ್ತೆ.

"ಮೀನ್ ಹಿಡುಕೆ ಟಿವಿ ಎಂತಕ್ಕಾ?" ಅಂತ ಮಾವ ನಕ್ಕಿದ್ರು. ಮಾವ ಅಂದ್ರೆ ಅಮ್ಮನ ತಮ್ಮ. ನಲವತ್ತು ವರ್ಷದಿಂದ ಇದೇ ನೀರಿನಲ್ಲಿ ದೋಣಿ ಹಾಕಿದವರು. ನಾನು ಆಗ ಅದನ್ನು ಹಳೇ ತಲೆಮಾರಿನ ಮಾತು ಅಂದ್ಕೊಂಡೆ.

ಸ್ಕ್ರೀನ್ ಆರಿದ ಸಂಜೆ

ಕಳೆದ ಡಿಸೆಂಬರಿನ ಒಂದು ಅಮಾವಾಸ್ಯೆ. ಮಧ್ಯಾಹ್ನ ಊಟ ಮುಗಿಸಿ ಹೊರಟೆ. ಅಮಾವಾಸ್ಯೆ, ಹುಣ್ಣಿಮೆ ಹೊತ್ತಿಗೆ ಉಬ್ಬರ ಇಳಿತ ಎರಡೂ ಜೋರು. ಬೆಳಿಗ್ಗೆ ತುಂಬಿ ನಿಂತ ನೀರು ಸಂಜೆಗೆ ಕಾಲುವೆಯ ತಳ ಕಾಣುವಷ್ಟು ಇಳಿದುಬಿಡುತ್ತೆ. ಇದೆಲ್ಲ ಗೊತ್ತಿತ್ತು. ಆದರೆ ಕಾಂಡ್ಲಾ ಬೇರಿನ ಪಕ್ಕದಲ್ಲಿ ಒಂದು ಕೆಂಬೇರಿ ಸಿಕ್ಕಿದ ಖುಷಿಯಲ್ಲಿ ಇನ್ನೊಂದು ಕಾಲುವೆ, ಇನ್ನೂ ಒಂದು ಅಂತ ಒಳಗೆ ಹೋಗ್ತಾ ಹೋದೆ. ದಾರಿಯ ಚಿಂತೆ ಇರಲಿಲ್ಲ. ಸ್ಕ್ರೀನಿನ ಮೇಲೆ ಗೆರೆ ಇತ್ತಲ್ಲ.

ಐದೂವರೆಗೆ ಸ್ಕ್ರೀನ್ ಒಂದು ಸಲ ಮಿನುಗಿ ಆರಿತು. ಸ್ವಿಚ್ ಒತ್ತಿದೆ, ವೈರ್ ಅಲ್ಲಾಡಿಸಿದೆ. ಇಲ್ಲ. ದೋಣಿಯ ಎಲ್‌ಇಡಿ ಲೈಟೂ ಇಲ್ಲ, ಯಾಕಂದ್ರೆ ಅದೂ ಅದೇ ಬ್ಯಾಟರಿಗೆ. ಫೋನ್ ನೋಡಿದರೆ ಶೇ 6 ಚಾರ್ಜ್. ಅದನ್ನೂ ಅದೇ ಬ್ಯಾಟರಿಯಿಂದ ಚಾರ್ಜ್ ಮಾಡೋದು ಅಂತ ಬಿಟ್ಟಿದ್ದೆ.

ಹಿಂದೆ ತಿರುಗಿ ಹುಟ್ಟು ಹಾಕಿದೆ. ಹಗಲಲ್ಲಿ ಒಂದೊಂದೂ ಬೇರೆ ಥರ ಕಂಡಿದ್ದ ಕುದ್ರುಗಳು ಮಬ್ಬಿನಲ್ಲಿ ಒಂದೇ ಥರ ಕಂಡವು. ಎರಡನೇ ತಿರುವಿನಲ್ಲಿ ಕಯಾಕ್ ಕೆಸರಿಗೆ ಕೂತಿತು. ಹುಟ್ಟು ಊರಿದರೆ ಮೊಳದುದ್ದ ಒಳಗೆ ಹೋಯ್ತು. ಸುತ್ತ ಏಡಿಗಳು ಟಕಟಕ ಅನ್ನೋ ಸದ್ದು, ಸೊಳ್ಳೆ, ಕತ್ತಲೆ. ಮೈಮೇಲೆ ಲೈಫ್ ಜಾಕೆಟ್ ಇತ್ತು, ಮುಳುಗುವ ಭಯ ಇರಲಿಲ್ಲ. ಆದರೂ ಕೈ ನಡುಗ್ತಿತ್ತು ಅಂತ ಒಪ್ಪಿಕೊಳ್ತೇನೆ.

ಮಾವನಿಗೆ ಫೋನ್ ಮಾಡಿದೆ.

"ಎಲ್ಲ್ ಇದ್ದಿ ಮಗಾ?"

"ಗೊತ್ತಾಗ್ತಿಲ್ಲ ಮಾವ."

"ಸೇತುವೆ ಲೈಟ್ ಕಾಣ್ತಾ? ಯಾವ್ ಬದಿಗ್ ಕಾಣ್ತ್?"

ತಿರುಗಿ ನೋಡಿದೆ. ಹೆದ್ದಾರಿ ಸೇತುವೆಯ ಲೈಟುಗಳು ತೆಂಗಿನ ಮರಗಳ ಸಂದಿಯಲ್ಲಿ, ನನ್ನ ಎಡಕ್ಕೆ. ಎದುರಿಗೆ ಒಂದು ಮನೆಯ ಲೈಟು, ಅದರ ಪಕ್ಕ ಬಾಗಿದ ತೆಂಗಿನ ಮರ. ಹೇಳಿದೆ.

"ಆಯ್ತ್. ಅಲ್ಲೇ ಕೂಕೋ. ಕೆಸ್ರಿಗ್ ಇಳಿಬೇಡ. ನೀರ್ ಏರುಕೆ ಶುರು ಆದ್ ಕೂಡ್ಲೆ ಬತ್ತೆ."

ಅಷ್ಟಕ್ಕೆ ಫೋನ್ ಆಫ್. ಏಳೂವರೆ ಹೊತ್ತಿಗೆ ಕಯಾಕ್ ತಾನಾಗಿ ಅಲ್ಲಾಡಿತು, ಸ್ವಲ್ಪ ಹೊತ್ತಿಗೆ ಟಾರ್ಚ್ ಬೆಳಕು ಕಂಡಿತು. ಮಾವ ಒಂದು ಮಾತೂ ಬೈಯಲಿಲ್ಲ. ಹಗ್ಗ ಕಟ್ಟಿ ಎಳೆದುಕೊಂಡು ಹೋದ್ರು. ಬೈದದ್ದು ದಡದಲ್ಲಿ ನಿಂತಿದ್ದ ಅಮ್ಮ. "ಇನ್ನು ಆ ದೋಣಿ ನೀರಿಗೆ ಇಳಿದ್ರೆ ನಾನು ನಿನ್ನ ಜೊತೆ ಮಾತಾಡೋದಿಲ್ಲ" ಅಂದ್ರು. ಅವರು ಹಾಗೆ ಹೇಳಿದ್ರೆ ಹಾಗೆಯೇ ಮಾಡೋರು.

ಡಬ್ಬಿಯ ಪೋಸ್ಟ್‌ಮಾರ್ಟಮ್

ಮರುದಿನ ಡಬ್ಬಿ ಬಿಚ್ಚಿದೆ. ಅಡುಗೆಮನೆಯ, ನಾಲ್ಕು ಕಡೆ ಕ್ಲಿಪ್ ಹಾಕುವ ಪ್ಲಾಸ್ಟಿಕ್ ಡಬ್ಬಿ. ಒಳಗೆ ಮನೆಯ ಯುಪಿಎಸ್‌ನಿಂದ ತೆಗೆದ 7 ಆಂಪಿಯರ್-ಅವರ್ ಲೆಡ್ ಆಸಿಡ್ ಬ್ಯಾಟರಿ. ವೈರ್ ಹೊರಗೆ ಬರಲಿಕ್ಕೆ ತೂತು ಕೊರೆದು ಸಿಲಿಕೋನ್ ಮೆತ್ತಿದ್ದೆ. ಮುಚ್ಚಳ ತೆಗೆದ ಕೂಡಲೇ ಬ್ಲೀಚಿಂಗ್ ಪೌಡರ್ ವಾಸನೆ ಬಂತು. ತಳದಲ್ಲಿ ಎರಡು ಬೆರಳು ನೀರು. ಪಾಸಿಟಿವ್ ವೈರ್ ಹಸಿರು ಪುಡಿಯಾಗಿ ತುಂಡಾಗಿತ್ತು.

ಪಿಯುಸಿಯ ರಸಾಯನಶಾಸ್ತ್ರ ನೆನಪಾಯ್ತು. ಉಪ್ಪುನೀರಿನಲ್ಲಿ 12 ವೋಲ್ಟ್ ಹರಿದರೆ ವಿದ್ಯುದ್ವಿಭಜನೆ ಆಗುತ್ತೆ. ಪಾಸಿಟಿವ್ ಕಡೆ ಕ್ಲೋರಿನ್, ನೆಗೆಟಿವ್ ಕಡೆ ಹೈಡ್ರೋಜನ್. ಪಾಸಿಟಿವ್ ಕಡೆಯ ತಾಮ್ರ ಕರಗುತ್ತಾ ಹೋಗುತ್ತೆ. ಸಿಹಿನೀರಲ್ಲಿ ಇಷ್ಟು ಬೇಗ ಆಗೋದಿಲ್ಲ, ಉಪ್ಪುನೀರು ಕರೆಂಟನ್ನು ಅದಕ್ಕಿಂತ ಎಷ್ಟೋ ಚೆನ್ನಾಗಿ ಹರಿಸುತ್ತೆ.

ಸಿಲಿಕೋನಿನದೂ ತಪ್ಪಿತ್ತು. ಒಣಗುವಾಗ ವಿನೆಗರ್ ವಾಸನೆ ಬರುವ ಸಿಲಿಕೋನ್ ಅಸಿಟಿಕ್ ಆಮ್ಲ ಬಿಡುತ್ತೆ, ಅದು ತಾಮ್ರವನ್ನು ತಿನ್ನುತ್ತೆ. ವೈರಿನ ಹತ್ತಿರ ಬಳಸೋದಾದರೆ ನ್ಯೂಟ್ರಲ್ ಕ್ಯೂರ್ ಅಂತ ಬರೆದದ್ದೇ ಬೇಕು.

ಎಲ್ಲಕ್ಕಿಂತ ದೊಡ್ಡ ತಪ್ಪು ಬೇರೆ. ಸ್ಕ್ರೀನ್, ಲೈಟ್, ಫೋನ್ ಮೂರನ್ನೂ ಒಂದೇ ಡಬ್ಬಿಗೆ ಕಟ್ಟಿದ್ದೆ. ಆಫೀಸಿನಲ್ಲಿ ಯಾರಾದರೂ ಹೀಗೆ ಸರ್ವರ್ ಕೂಡಿಸಿದ್ರೆ ರಿವ್ಯೂನಲ್ಲಿ ನಾನೇ ಅವರನ್ನ ಬಿಡ್ತಿರಲಿಲ್ಲ.

ಲೆಕ್ಕ ಮೊದಲು, ಸಾಮಾನು ಆಮೇಲೆ

ಬೆಂಗಳೂರಿಗೆ ವಾಪಸ್ ಬಂದು ಮೊದಲು ಮಲ್ಟಿಮೀಟರ್ ಹಿಡಿದು ಅಳೆದೆ. ಫಿಶ್ ಫೈಂಡರ್ 0.6 ಆಂಪಿಯರ್ ಎಳೆಯುತ್ತೆ. ಎಂಟು ಗಂಟೆಗೆ 4.8 ಆಂಪಿಯರ್-ಅವರ್. ಲೈಟ್ 0.3 ಆಂಪಿಯರ್, ಮೂರು ಗಂಟೆಗೆ 0.9. ಒಟ್ಟು 5.7. ಅದಕ್ಕೆ ಶೇ 30 ಹೆಚ್ಚುವರಿ ಸೇರಿಸಿದರೆ ಸುಮಾರು 7.4. ಬ್ಯಾಟರಿ ಹಳೆಯದಾದ ಹಾಗೆ ಶಕ್ತಿ ಕುಗ್ಗೋದರಿಂದ 10 ಆಂಪಿಯರ್-ಅವರ್ ಸಾಕು ಅಂತ ತೀರ್ಮಾನಿಸಿದೆ.

ಹಳೇ ಲೆಡ್ ಆಸಿಡ್ ಬ್ಯಾಟರಿ ಎರಡು ಕಿಲೋಗಿಂತ ಭಾರ, ಮೇಲಾಗಿ ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡ್ತಾ ಇದ್ದರೆ ಅದರ ಆಯಸ್ಸು ಬೇಗ ಮುಗಿಯುತ್ತೆ. ಲಿಥಿಯಂ ಐರನ್ ಫಾಸ್ಫೇಟ್ ತಗೊಂಡೆ. 3.2 ವೋಲ್ಟಿನ ನಾಲ್ಕು ಸೆಲ್ ಸಾಲಾಗಿ, ಒಟ್ಟು 12.8 ವೋಲ್ಟ್. ಒಳಗೆ ಬಿಎಂಎಸ್ ಅನ್ನೋ ಸಣ್ಣ ಸರ್ಕ್ಯೂಟ್ ಇದ್ದು ಜಾಸ್ತಿ ಚಾರ್ಜ್, ಜಾಸ್ತಿ ಖಾಲಿ, ಶಾರ್ಟ್ ಆದಾಗ ಕಡಿದುಬಿಡುತ್ತೆ. ತೂಕ ಒಂದೂಕಾಲು ಕಿಲೋ ಚಿಲ್ಲರೆ. ಚಾರ್ಜರ್ ಮಾತ್ರ ಅದಕ್ಕೆಂದೇ ಇರುವ 14.6 ವೋಲ್ಟಿನದೇ ಬೇಕು.

ಉಳಿದದ್ದಕ್ಕೆ ಎಸ್.ಪಿ. ರೋಡ್. ರಬ್ಬರ್ ಗ್ಯಾಸ್ಕೆಟ್ ಇರುವ ಐಪಿ67 ಡಬ್ಬಿ, ಕೇಬಲ್ ಗ್ಲ್ಯಾಂಡ್, ತವರ ಲೇಪಿಸಿದ ತಾಮ್ರದ ವೈರ್, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಟ್ಯೂಬ್, 3 ಆಂಪಿಯರ್ ಫ್ಯೂಸ್. ಫ್ಯೂಸ್ ಇರಬೇಕಾದ್ದು ಬ್ಯಾಟರಿಯ ಪಾಸಿಟಿವ್ ಪಕ್ಕದಲ್ಲೇ, ಡಬ್ಬಿ ಒಳಗೆ. ದೂರ ಇಟ್ಟರೆ ನಡುವಿನ ವೈರಿಗೆ ಕಾವಲೇ ಇರೋದಿಲ್ಲ.

ಐಪಿ67 ಅಂದ್ರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯುತ್ತೆ ಅಂತ. ಆದರೆ ಆ ಪರೀಕ್ಷೆ ನಡೆಯೋದು ಸಿಹಿನೀರಲ್ಲಿ, ಹೊಸ ಡಬ್ಬಿಗೆ. ನೀವು ತೂತು ಕೊರೆದ ಮೇಲೆ ಆ ಸರ್ಟಿಫಿಕೇಟ್ ನಿಮ್ಮದಲ್ಲ.

ಮಾವನ ಪರೀಕ್ಷೆ

ಸಂಕ್ರಾಂತಿ ರಜೆಗೆ ಡಬ್ಬಿ ಹಿಡಿದು ಊರಿಗೆ ಹೋದೆ. ಮಾವ ತಿರುಗಿಸಿ ತಿರುಗಿಸಿ ನೋಡಿದ್ರು.

"ಒಳ್ಗ್ ನೀರ್ ಬತ್ತಿಲ್ಯಾ?"

"ಇಲ್ಲ ಮಾವ, ವಾಟರ್‌ಪ್ರೂಫ್."

"ನೀರ್ ಬರ್ದೇ ಇಪ್ಪು ದೋಣಿ ನಾನ್ ಕಾಣ್ಲಿಲ್ಲ. ಬಂದ್ರ್ ಮೇಲ್ ಎಂತ ಮಾಡ್ತಿ, ಅದ್ ಹೇಳ್."

ಅವರ ದೋಣಿಯಲ್ಲಿ ನೀರು ಮೊಗೆದು ಹಾಕುವ ಡಬ್ಬ ಇಲ್ಲದ ದಿನವೇ ಇಲ್ಲ. ಎಷ್ಟೇ ಗಟ್ಟಿಯಾದ ದೋಣಿ ಇದ್ದರೂ. ನನ್ನ ಹತ್ತಿರ ಆ ಪ್ರಶ್ನೆಗೆ ಉತ್ತರ ಇರಲಿಲ್ಲ.

ಬ್ಯಾಟರಿ ತೆಗೆದು ಒಳಗೆ ನ್ಯೂಸ್ ಪೇಪರ್ ತುಂಬಿಸಲಿಕ್ಕೆ ಹೇಳಿದ್ರು. ಸ್ಕ್ರೂ ಬಿಗಿದು ಒಂದು ಗಂಟೆ ಮಧ್ಯಾಹ್ನದ ಬಿಸಿಲಲ್ಲಿ ಇಟ್ಟರು. ಆಮೇಲೆ ಕಲ್ಲು ಕಟ್ಟಿ ಹೊಳೆಗೆ ಇಳಿಸಿ ಹಗ್ಗವನ್ನು ದೋಣಿಗೆ ಬಿಗಿದರು. ಬಿಸಿಲು ಯಾಕೆ ಅಂತ ಕೇಳಿದ್ದಕ್ಕೆ, "ಬಿಸಿ ಪಾತ್ರಿ ಕವುಚಿ ನೀರಿಗ್ ಇಟ್ರ್ ನೀರ್ ಎಳ್ಕಣ್ತಲ್ಲ, ಹಾಂಗೆ" ಅಂದ್ರು.

ರಾತ್ರಿ ಕೂತು ಲೆಕ್ಕ ಹಾಕಿದೆ. ಡಬ್ಬಿ ಒಳಗಿನ ಗಾಳಿ 50 ಡಿಗ್ರಿಯಿಂದ 27 ಡಿಗ್ರಿಗೆ ಇಳಿದರೆ ಒತ್ತಡ ಸುಮಾರು ಶೇ 7 ಕಡಿಮೆ ಆಗುತ್ತೆ. ಡಬ್ಬಿಯನ್ನು 70 ಸೆಂಟಿಮೀಟರ್ ಆಳಕ್ಕೆ ಮುಳುಗಿಸಿದಷ್ಟೇ ಒತ್ತಡ ಅದು. ಬಿಸಿಲಲ್ಲಿ ಕಾದ ಡಬ್ಬಿಗೆ ಒಂದು ಅಲೆ ಬಡಿದರೂ ಸಾಕು, ತಾನೇ ನೀರನ್ನು ಒಳಗೆ ಹೀರುತ್ತೆ.

ಬೆಳಿಗ್ಗೆ ತೆಗೆದರೆ ಪೇಪರಿನ ಒಂದು ಮೂಲೆ ಒದ್ದೆ, ಸರಿಯಾಗಿ ಗ್ಲ್ಯಾಂಡಿನ ಕೆಳಗೆ. ನಾನು ಒಂದೇ ಗ್ಲ್ಯಾಂಡಿನಲ್ಲಿ ಕೆಂಪು, ಕಪ್ಪು ಎರಡು ವೈರ್ ತೂರಿಸಿದ್ದೆ. ಗ್ಲ್ಯಾಂಡಿನ ರಬ್ಬರ್ ಒಂದು ದುಂಡನೆಯ ಕೇಬಲನ್ನು ಮಾತ್ರ ಸುತ್ತಲೂ ಹಿಡಿಯುತ್ತೆ. ಎರಡು ವೈರಿನ ನಡುವಿನ ಸಂದಿಯಲ್ಲಿ ನೀರು ದಾರಿ ಮಾಡಿಕೊಂಡಿತ್ತು.

ಎರಡು ದಿನ ಕೂತು ತಿದ್ದಿದೆ. ಎರಡೂ ವೈರ್ ಒಂದೇ ದುಂಡು ಕವಚದೊಳಗೆ ಇರುವ ಕೇಬಲ್ ಹಾಕಿದೆ. ಗಾಳಿ ಮಾತ್ರ ಬಿಟ್ಟು ನೀರು ಬಿಡದ ಪೊರೆ ಇರುವ ಸಣ್ಣ ವೆಂಟ್ ಪ್ಲಗ್ ಕೂಡಿಸಿದೆ. ಕೇಬಲ್ ಡಬ್ಬಿಗೆ ಸೇರುವ ಮೊದಲು ಕೆಳಗೆ ಬಳುಕುವ ಹಾಗೆ ಬಿಟ್ಟೆ, ಹರಿದು ಬರುವ ನೀರು ಅಲ್ಲಿಯೇ ತೊಟ್ಟಿಕ್ಕಲಿ ಅಂತ. ಮಾವನ ಪ್ರಶ್ನೆಗೂ ಉತ್ತರ ಹುಡುಕಿದೆ. ಬ್ಯಾಟರಿಯ ಕೆಳಗೆ ಎರಡು ಸೆಂಟಿಮೀಟರ್ ಫೋಮ್, ಟರ್ಮಿನಲ್ ಮೇಲ್ಮುಖ, ಜಾಯಿಂಟುಗಳಿಗೆ ಗ್ರೀಸ್, ಮೂಲೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ. ಲೋಟದಷ್ಟು ನೀರು ಬಂದರೂ ಟರ್ಮಿನಲ್ಲಿಗೆ ಮುಟ್ಟಬಾರದು. ಡಬ್ಬಿಯ ಗಾತ್ರ ಮೂರು ಲೀಟರಿಗೆ ಸ್ವಲ್ಪ ಹೆಚ್ಚು, ಒಟ್ಟು ತೂಕ ಎರಡು ಕಿಲೋ. ಕೈ ತಪ್ಪಿ ಬಿದ್ದರೂ ತೇಲುತ್ತೆ. ಆದರೂ ಹಗ್ಗ ಕಟ್ಟಿದೆ.

ಫೋನಿಗೆ ಬೇರೆ ಪವರ್ ಬ್ಯಾಂಕ್, ಅದಕ್ಕೆ ಬೇರೆ ಚೀಲ. ತಲೆಗೆ ಕಟ್ಟುವ ಟಾರ್ಚಿಗೆ ಅದರದೇ ಸೆಲ್. ಕೊರಳಲ್ಲಿ ಒಂದು ಸೀಟಿ.

ಎರಡನೇ ಸಲ ಹೊಳೆಗೆ ಇಳಿಸಿದಾಗ ಪೇಪರ್ ಗರಿಗರಿಯಾಗಿಯೇ ಇತ್ತು. ಮಾವ ಆ ಪೇಪರನ್ನು ಅಮ್ಮನಿಗೆ ತೋರಿಸಿದ್ರು. ಅಮ್ಮ ಮುಟ್ಟಿ ನೋಡಿ, "ಸಂಜೆ ಐದಕ್ಕೆ ದಡದಲ್ಲಿ ಇರ್ಬೇಕು" ಅಂದ್ರು. ಅಷ್ಟೇ ಅನುಮತಿ.

ಸೇತುವೆ ಲೈಟ್

ಮರುದಿನ ಬೆಳಿಗ್ಗೆ ಆರೂವರೆಗೆ ಹೊರಟೆವು. ಕಯಾಕಿನಲ್ಲಿ ನಾನು, ಪಕ್ಕದಲ್ಲಿ ದೋಣಿಯಲ್ಲಿ ಮಾವ. ನೀರಿನ ಮೇಲೆ ಮಂಜು. ದೂರದಲ್ಲಿ ಗಂಗೊಳ್ಳಿಯ ಬೋಟುಗಳ ಇಂಜಿನ್ ಸದ್ದು. ಸೊಂಟದ ತನಕ ನೀರಿನಲ್ಲಿ ನಿಂತ ಕೆಲವರು ಮರುವಾಯಿ ಹೆಕ್ಕುತ್ತಿದ್ದರು. ಸ್ಕ್ರೀನ್ ಒಂದು ಕಡೆ ಆಳ ನಾಲ್ಕು ಮೀಟರ್ ಅಂತ ತೋರಿಸಿತು. ಮಾವ ಬಗ್ಗಿ ನೋಡಿ, "ಹೌದ್, ಇಲ್ಲ್ ಗುಂಡಿ ಇತ್ತ್. ನಿನ್ ಟಿವಿ ಸುಳ್ ಹೇಳುದಿಲ್ಲ" ಅಂದ್ರು. ಆ ಒಂದು ಮಾತಿಗೆ ಎಸ್.ಪಿ. ರೋಡಿನ ಖರ್ಚೆಲ್ಲ ವಸೂಲಾಯ್ತು.

ಏಳು ಗಂಟೆ ಓಡಿತು. ನನಗೆ ಐದು ಕಾಣೆ, ಮಾವನ ಬಲೆಗೆ ಅದರ ನಾಲ್ಕು ಪಟ್ಟು. ಮನೆಗೆ ಬಂದು ಡಬ್ಬಿಯನ್ನು ಸಿಹಿನೀರಲ್ಲಿ ತೊಳೆದು ಮುಚ್ಚಳ ತೆಗೆದೆ. ಒಣಗಿತ್ತು. ಮುಚ್ಚಳದ ಒಳಗೆ ಮಾತ್ರ ಎರಡು ಹನಿ ಬೆವರು. ಸಿಲಿಕಾ ಜೆಲ್ ಬದಲಿಸಿದೆ. ಚಾರ್ಜ್ ಮಾಡೋದು ಯಾವಾಗಲೂ ಮುಚ್ಚಳ ತೆಗೆದೇ.

ನೀವೂ ಇಂಥದ್ದೊಂದು ಮಾಡೋದಾದರೆ ನನ್ನ ಕಡೆಯಿಂದ ಎರಡೇ ಮಾತು. ಬ್ಯಾಟರಿ ಹಾಕುವ ಮೊದಲು ಪೇಪರ್ ತುಂಬಿ ಒಂದು ರಾತ್ರಿ ಮುಳುಗಿಸಿ, ಬಿಸಿಲಿಗೆ ಕಾಯಿಸಿದ ಮೇಲೆ. ಎರಡನೆಯದು, ಅದು ಕೈಕೊಟ್ಟರೂ ಮನೆಗೆ ಬರುವ ದಾರಿ ಇಟ್ಟುಕೊಳ್ಳಿ. ಉಬ್ಬರ ಇಳಿತದ ಹೊತ್ತು ದಿನಾ ಸುಮಾರು 50 ನಿಮಿಷ ಮುಂದೆ ಹೋಗುತ್ತೆ. ಹೊರಡುವ ಮೊದಲು ದಡದಲ್ಲಿ ಯಾರನ್ನಾದರೂ ಕೇಳಿ.

ಈಗ ಪ್ರತಿ ಸಲ ಹೋದಾಗ ಒಂದು ಅಭ್ಯಾಸ ಇಟ್ಟುಕೊಂಡಿದ್ದೇನೆ. ವಾಪಸ್ ಬರುವಾಗ ಕೊನೆಯ ಅರ್ಧ ಗಂಟೆ ಸ್ಕ್ರೀನ್ ಆಫ್ ಮಾಡ್ತೇನೆ. ಬಾಗಿದ ತೆಂಗಿನ ಮರ ಯಾವ ಕಡೆ, ಸೇತುವೆ ಯಾವ ಕಡೆ ಅಂತ ನೋಡಿಕೊಂಡೇ ಹುಟ್ಟು ಹಾಕ್ತೇನೆ. ಮೊದಲ ಸಲ ಎರಡು ಕಡೆ ದಾರಿ ತಪ್ಪಿದೆ. ಹೋದ ತಿಂಗಳು ಒಂದೇ ಕಡೆ. ಹಿಂದೆ ದೋಣಿಯಲ್ಲಿ ಬರ್ತಿದ್ದ ಮಾವ ಏನೂ ಹೇಳಲಿಲ್ಲ. ನಾನೇ ತಿರುಗಿ ಸರಿ ದಾರಿಗೆ ಬರುವ ತನಕ ಹುಟ್ಟು ಎತ್ತಿ ಸುಮ್ಮನೆ ಕೂತಿದ್ರು.