ಪರಊರಿನ ಯಂತ್ರಕ್ಕೆ ನಮ್ಮೂರ ಚೊಂಬು

ವೈದ್ಯನಾಥಪುರದ ನಮ್ಮ ದೊಡ್ಡಪ್ಪ ಎಲ್ಲಿಗೆ ಹೊರಟರೂ ತಮ್ಮ ಹಿತ್ತಾಳೆ ಚೊಂಬು ಚೀಲದಲ್ಲಿರಲೇಬೇಕು. ಮದ್ದೂರಿನಲ್ಲಿ ರೈಲು ಹತ್ತುವಾಗ ಒಮ್ಮೆ, ಬೆಂಗಳೂರಿನಲ್ಲಿ ಇಳಿಯುವಾಗ ಒಮ್ಮೆ ಚೀಲದ ಮೇಲೆ ಕೈಯಾಡಿಸಿ ನೋಡುವರು. ಬೀಗರ ಮನೆಯಲ್ಲಿ ಸ್ಟೀಲ್ ಲೋಟದಲ್ಲಿ ನೀರು ಕೊಟ್ಟರೆ ಮರ್ಯಾದೆಯಿಂದ ಇಸಿದುಕೊಂಡು, ಯಾರೂ ನೋಡದಾಗ ಮೆಲ್ಲಗೆ ಚೊಂಬಿಗೆ ಬಗ್ಗಿಸಿಕೊಂಡು ಕುಡಿಯುವರು. ಚೊಂಬಿನ ಕಂಠದಲ್ಲಿ ಅವರ ಹೆಸರಿತ್ತು. ಕೊರೆದವನು ಒಂದು ಒತ್ತಕ್ಷರ ನುಂಗಿದ್ದ. ನಾವು ಹುಡುಗರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದೆವು.

ಈಗ ನಗುವ ಹಕ್ಕು ನನಗಿಲ್ಲ. ದೂರದ ಕಂಪ್ಯೂಟರುಗಳಿಗೆ ಲಾಗಿನ್ ಆಗುವುದೇ ನನ್ನ ಕಸುಬು. ಒಳಹೊಕ್ಕ ಕೂಡಲೇ ನಾನು ಮಾಡುವುದು ಕಂಪನಿಯ ಕೆಲಸವಲ್ಲ, ನನಗೆ ಒಗ್ಗಿದ ಶೆಲ್ಲನ್ನು ಹೂಡಿಕೊಳ್ಳುವುದು. ನಾವು ಟೈಪು ಮಾಡಿದ ಆಜ್ಞೆಯನ್ನು ಓದಿ ಯಂತ್ರದಿಂದ ಕೆಲಸ ಮಾಡಿಸುವ ಪ್ರೋಗ್ರಾಮೇ ಶೆಲ್. ಲಿನಕ್ಸ್ ಸರ್ವರುಗಳಲ್ಲಿ ಸಾಮಾನ್ಯವಾಗಿ ಎದುರುಗೊಳ್ಳುವುದು 1989ರಲ್ಲಿ ಬ್ರಯಾನ್ ಫಾಕ್ಸ್ ಬರೆದುಕೊಟ್ಟ ಬ್ಯಾಷ್. ನನಗೆ ಬೇಕಾದದ್ದು ಜೆಡ್-ಶೆಲ್. ತಪ್ಪು ಟೈಪಿಸಿದರೆ, ನೀನು ಅಂದದ್ದು ಇದಲ್ಲವೇ ಎಂದು ಕೇಳಿ ತಿದ್ದುವಂತೆ ಅದಕ್ಕೆ ಹೇಳಿಟ್ಟಿದ್ದೇನೆ. ಬ್ಯಾಷ್‌ನಲ್ಲೂ ಎಲ್ಲ ಕೆಲಸ ಆಗುತ್ತದಲ್ಲ ಎನ್ನುತ್ತಾರೆ ಸಹೋದ್ಯೋಗಿಗಳು. ಆಗುತ್ತದೆ. ಸ್ಟೀಲ್ ಲೋಟದಲ್ಲೂ ನೀರು ಇಳಿಯುತ್ತದೆ.

ಜೆಡ್-ಶೆಲ್ ಬರೆದದ್ದು 1990ರಲ್ಲಿ, ಪ್ರಿನ್ಸ್‌ಟನ್‌ನ ವಿದ್ಯಾರ್ಥಿ ಪಾಲ್ ಫಾಲ್‌ಸ್ಟಾಡ್. ಹೆಸರು ಮಾತ್ರ ಅಲ್ಲಿ ಪಾಠಕ್ಕೆ ಸಹಾಯಕರಾಗಿದ್ದ ಜಾಂಗ್ ಶಾವ್ ಅವರದು; ಅವರ ಲಾಗಿನ್ ಹೆಸರೇ ಜೆಡ್ ಎಸ್ ಎಚ್. ಬರೆದವರು ಒಬ್ಬರು, ಕಂಠದಲ್ಲಿ ಕೊರೆದ ಹೆಸರು ಇನ್ನೊಬ್ಬರದು.

2020ರ ಲಾಕ್‌ಡೌನಿನಲ್ಲಿ ಊರಿಗೆ ಹೋಗಿ ಕೂತೆ. ಜಗಲಿಯ ಮೇಲೆ ಲ್ಯಾಪ್‌ಟಾಪು, ಎದುರಿಗೆ ಕಬ್ಬಿನ ಗದ್ದೆ, ಆಚೆ ಶಿಂಷೆ. ಚರ್ಮರೋಗ ವಾಸಿ ಮಾಡುವನೆಂದು ಹೆಸರಾದ ವೈದ್ಯನಾಥೇಶ್ವರನ ಗುಡಿಗೂ ಆಗ ಭಕ್ತರಿಲ್ಲ. ದೊಡ್ಡಪ್ಪ ಪಕ್ಕದಲ್ಲೇ ಕೂತು ಪರದೆ ನೋಡುತ್ತಿದ್ದರು.

"ಅದೆಲ್ಲದೆ ಕಂಪ್ಯೂಟ್ರು?"

"ಮುಂಬೈನಲ್ಲದೆ ದೊಡ್ಡಪ್ಪ."

"ಅಲ್ಲ ಕಣ್ಲಾ, ಯಾರ್ದೋ ಕಂಪ್ಯೂಟ್ರಿಗೆ ನೀನ್ಯಾಕ್ಲಾ ಇಷ್ಟು ಒಪ್ಪ ಮಾಡೀಯೆ?"

ಉತ್ತರ ಅವರ ಕೈಯಲ್ಲೇ ಇತ್ತು, ನಾನು ಹೇಳಲಿಲ್ಲ. ಬದಲಿಗೆ, 1985ರಲ್ಲಿ ಬೆಂಗಳೂರಿಗೆ ಬಂದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಗೆ ಉಪಗ್ರಹ ಸಂಪರ್ಕದ ಸಲಕರಣೆ ಎತ್ತಿನ ಗಾಡಿಯಲ್ಲಿ ಬಂದ ಕಥೆ ಹೇಳಿದೆ. ಅವರಿಗೆ ಹಿಡಿಸಿದ್ದು ಎತ್ತಿನ ಗಾಡಿ ಮಾತ್ರ. 1995ರಲ್ಲಿ, ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಪಾಸ್‌ವರ್ಡ್ ಕಳ್ಳತನವಾದ ಮೇಲೆ ತಾತು ಯುಲೋನೆನ್ ಎಂಬಾತ ಎಸ್‌ಎಸ್‌ಎಚ್ ಎಂಬ ಪ್ರೋಗ್ರಾಮು ಬರೆದದ್ದರಿಂದ ನನ್ನ ಮಾತು ದಾರಿಯಲ್ಲಿ ಯಾರ ಕಿವಿಗೂ ಬೀಳದೆ ಮುಂಬೈ ಸೇರುತ್ತದೆ ಎಂದೆ. "ಕಳ್ರು ಎಲ್ಲಾ ಕಡೀಕೂ ಅವ್ರೆ ಬುಡು" ಎಂದು ಎದ್ದು, ಚೊಂಬು ಹಿಡಿದು ಒಳಗೆ ಹೋದರು.

ಯುನಿಕ್ಸ್ ಮಾದರಿಯ ಯಂತ್ರಗಳಲ್ಲಿ ಪಾಸ್‌ವರ್ಡ್ ಎಂಬ ಹೆಸರಿನ ಒಂದು ಕಡತವುಂಟು. ಬಳಕೆದಾರನಿಗೊಂದು ಸಾಲು, ಏಳನೆಯ, ಕೊನೆಯ ಮನೆಯಲ್ಲಿ ಅವನ ಶೆಲ್ಲಿನ ವಿಳಾಸ. ಹಳೆಯ ಸರ್ವರುಗಳಲ್ಲಿ ಅದನ್ನು ಸುಮ್ಮನೆ ಓದುತ್ತೇನೆ. ಕೆಲಸ ಬಿಟ್ಟು ಹೋದವರ ಸಾಲುಗಳು ಹಾಗೇ ಉಳಿದಿರುತ್ತವೆ: ಒಬ್ಬನ ಸಾಲಿನ ತುದಿಯಲ್ಲಿ ಫಿಶ್ ಎಂಬ ಶೆಲ್, ಇನ್ನೊಬ್ಬಳ ತುದಿಯಲ್ಲಿ ಬರ್ಕ್ಲಿಯ ಬಿಲ್ ಜಾಯ್ ಬರೆದ ಹಳೇ ಸಿ ಶೆಲ್. ಜಗಳ ಮರೆತುಹೋಗಿದೆ, ಮುಖ ಮಸುಕಾಗಿದೆ; ಅವರಿಗೇನು ಇಷ್ಟವಿತ್ತು ಎಂಬುದಷ್ಟೇ ಅಳಿಸದೆ ಕೂತಿದೆ. ದೊಡ್ಡಪ್ಪನ ಚೊಂಬನ್ನು ದೊಡ್ಡಮ್ಮ ಈಗಲೂ ಹುಣಸೆಹಣ್ಣು ಹಾಕಿ ತಿಕ್ಕಿಡುತ್ತಾರೆ, ಕುಡಿಯುವವರಿಲ್ಲ.

ಇಂದಿನ ಯಂತ್ರಗಳೋ, ಬೆಳಿಗ್ಗೆ ಹುಟ್ಟಿ ಸಂಜೆಗೆ ಅಳಿಯುತ್ತವೆ. ಅಲ್ಲಿ ಸಂಸಾರ ಹೂಡುವುದು ದಂಡ ಎಂದು ಹೊಸ ಹುಡುಗರು ಹೇಳುವುದು ನಿಜವೇ. ನಾನು ಕೇಳುವುದಿಲ್ಲ, ನೀವೂ ಕೇಳಲಾರಿರಿ. ಹಾಗಾಗಿ ಒಂದು ಮಾತು. ಚೇಂಜ್ ಶೆಲ್ ಆಜ್ಞೆಗೆ ಅನುಮತಿ ಇದ್ದರೆ ಅದನ್ನೇ ಬಳಸಿ. ಅದಿಲ್ಲದೆ, ಲಾಗಿನ್ ಆದೊಡನೆ ಬ್ಯಾಷ್ ಓದುವ ಕಡತದಲ್ಲಿ ನಿಮ್ಮ ಶೆಲ್ಲಿಗೆ ಜಾಗ ಬಿಟ್ಟುಕೊಡುವ ಎಕ್ಸೆಕ್ ಎಂಬ ಸಾಲು ಸೇರಿಸುವಿರಾದರೆ, ನಿಮ್ಮ ಶೆಲ್ ಆ ಯಂತ್ರದಲ್ಲಿ ನಿಜಕ್ಕೂ ಇದೆಯೇ ಎಂದು ನೋಡುವ ಷರತ್ತನ್ನೂ ಬರೆಯಿರಿ. ಹಳೆಯ ಕಿಟಕಿ ಮುಚ್ಚುವ ಮೊದಲು ಇನ್ನೊಂದರಿಂದ ಲಾಗಿನ್ ಆಗಿ ನೋಡಿ. ಇಲ್ಲವಾದರೆ ನಿಮ್ಮ ಮನೆಗೆ ನೀವೇ ಹೊರಗಿನಿಂದ ಬೀಗ ಹಾಕಿಕೊಂಡಿರುತ್ತೀರಿ.