ರಂಗಂಪೇಟೆಯ ಸೀಮೆಯಲ್ಲಿ ದಾಸೋಹದ ಕಣಜ

ಶಹಾಪುರದ ಬೆಟ್ಟಸಾಲಿನಲ್ಲಿ ಮಲಗಿದ ಬುದ್ಧನ ಆಕೃತಿಯನ್ನು ಕಣ್ತುಂಬ ನೋಡಿ ಸುರಪುರದ ದಾರಿ ಹಿಡಿದರೆ, ಒಂದೇ ಹಾದಿಯಲ್ಲಿ ಎರಡು ನಾಡುಗಳು ಗೋಚರಿಸುತ್ತವೆ. ಒಂದು, ಮಳೆಯನ್ನೇ ನೆಚ್ಚಿಕೊಂಡ ಎರೆಭೂಮಿಯ ಹಳೆಯ ನಾಡು. ಜೋಳ, ತೊಗರಿ, ಹತ್ತಿಗಳ ಹೊಲಗಳು. ಇನ್ನೊಂದು, ಕಾಲುವೆಯ ನೀರುಂಡ ಹೊಸ ನಾಡು. ಹಸುರು ಹೊದ್ದ ಭತ್ತದ ಗದ್ದೆಗಳು. ನಾರಾಯಣಪುರದ ಬಳಿ ಕೃಷ್ಣೆಗೆ ಕಟ್ಟಿದ ಅಣೆಕಟ್ಟು 1982ರಲ್ಲಿ ಪೂರ್ಣಗೊಂಡಿತು. ಅದರ ಜಲಾಶಯಕ್ಕೆ ಬಸವಸಾಗರವೆಂಬ ಹೆಸರು. ಎಡದಂಡೆ ಕಾಲುವೆಯ ನೀರು ಹರಿದ ಕಡೆ ರೊಟ್ಟಿಯ ನಾಡು ಅನ್ನದ ನಾಡೂ ಆಯಿತು. ಆದರೆ ನೀರು ಎಲ್ಲರ ಹೊಲಕ್ಕೂ ಹರಿಯಲಿಲ್ಲ. ಆದ್ದರಿಂದಲೇ ಇಂದಿಗೂ ಸುಗ್ಗಿ ಮುಗಿದೊಡನೆ ಬೆಂಗಳೂರು, ಪುಣೆ, ಮುಂಬಯಿಗಳತ್ತ ಗುಳೆ ಹೊರಡುವ ಕುಟುಂಬಗಳು ಈ ಸೀಮೆಯಲ್ಲಿವೆ.

ಸುರಪುರವು ಗುಡ್ಡಗಳ ನಡುವೆ ನೆಲೆಸಿದ ನಾಯಕ ಅರಸರ ರಾಜಧಾನಿ. 1858ರಲ್ಲಿ ಆಂಗ್ಲರ ವಿರುದ್ಧ ಎದ್ದುನಿಂತ ರಾಜಾ ವೆಂಕಟಪ್ಪ ನಾಯಕನ ಹೆಸರನ್ನು ಇಲ್ಲಿಯ ಮಕ್ಕಳೂ ಬಲ್ಲರು. ಆ ಅರಸನ ಬಾಲ್ಯದಲ್ಲಿ ಸಂಸ್ಥಾನದ ಆಡಳಿತವನ್ನು ನೋಡಿಕೊಂಡ ಮೆಡೋಸ್ ಟೇಲರ್ ವಾಸಿಸುತ್ತಿದ್ದ ಬಂಗಲೆಯೂ ಗುಡ್ಡದ ಮೇಲಿದೆ. ಈ ಸುರಪುರಕ್ಕೆ ಮಗ್ಗುಲಾಗಿ ಹೊಂದಿಕೊಂಡ ಊರೇ ರಂಗಂಪೇಟೆ. ಅರಮನೆ ಇದ್ದುದು ಗುಡ್ಡದ ಆಸರೆಯಲ್ಲಿ. ಇದರ ಹೆಸರಿನಲ್ಲಿರುವುದು ಪೇಟೆ. ಅರಸರ ಕಥೆಯನ್ನು ಇತಿಹಾಸಕಾರರು ಬರೆದಿಟ್ಟರು. ಪೇಟೆಯ ಜನ ಬರಗಾಲದಲ್ಲಿ ಯಾರಿಗೆ ಎಷ್ಟು ಗಂಜಿ ಕಾಯಿಸಿ ಬಡಿಸಿದರೆಂಬುದನ್ನು ಬರೆದಿಟ್ಟವರು ವಿರಳ. ನಾವು ಈ ಸೀಮೆಯನ್ನು ನೋಡಬಯಸಿದ್ದು ಆ ಎರಡನೆಯ ಕಥೆಯ ಜಾಡು ಹಿಡಿದು. ಹಸಿದವರಿಗಾಗಿ ಕಾಳು ಕೂಡಿಡುವ, ಒಲೆ ಉರಿಸುವ, ಎಲೆ ಎತ್ತುವ ಕೈಗಳ ಕಥೆ ಅದು.

ಮೂರು ಊರು, ಮೂರು ಪಾಠ

ರಂಗಂಪೇಟೆಯನ್ನು ನಡುವಿಟ್ಟುಕೊಂಡು ಸುತ್ತಲೂ ದೃಷ್ಟಿ ಹರಿಸಿದರೆ ಮೂರು ಊರುಗಳು ನಮ್ಮನ್ನು ಕೈಬೀಸಿ ಕರೆಯುತ್ತವೆ. ಮೊದಲನೆಯದು ಇದೇ ಸುರಪುರ ಸೀಮೆಯ ಮುದನೂರು. ಬಸವಪೂರ್ವ ಯುಗದ ಹಿರಿಯ ವಚನಕಾರ, ನೇಯ್ಗೆಯ ಕಾಯಕದ ದೇವರ ದಾಸಿಮಯ್ಯನವರ ಊರು ಅದು. ಅವರ ಇಷ್ಟದೈವ ರಾಮನಾಥ. ಅವರೂ ಅವರ ಸತಿ ದುಗ್ಗಳೆಯೂ ನೇಯ್ದ ಬಟ್ಟೆಯ ಕಥೆಯನ್ನು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಬಹುದಿನ ಶ್ರಮಿಸಿ ನೇಯ್ದ ಬಟ್ಟೆಯನ್ನು ದಾಸಿಮಯ್ಯನವರು ಬೇಡಿಬಂದ ವೃದ್ಧ ಜಂಗಮನಿಗೆ ಕೊಟ್ಟರು. ಆತನೋ ಅದನ್ನು ಕಣ್ಣೆದುರೇ ಹರಿದು ಚೂರು ಮಾಡಿದ. ಕೊಟ್ಟ ಮೇಲೆ ಅದು ತನ್ನದಲ್ಲವೆಂದು ತಿಳಿದ ದಾಸಿಮಯ್ಯನವರ ಮುಖ ಬಾಡಲಿಲ್ಲ. ಆಗ ಶಿವನು ಮೆಚ್ಚಿ ತವನಿಧಿಯನ್ನು, ಎಂದರೆ ತೆಗೆದಷ್ಟೂ ಬರಿದಾಗದ ಧಾನ್ಯದ ನಿಧಿಯನ್ನು ಕರುಣಿಸಿದನೆಂಬುದು ಕಥೆ. ಪವಾಡವನ್ನು ನಂಬುವವರು ನಂಬಲಿ. ನಂಬದವರೂ ಒಂದನ್ನು ಒಪ್ಪಬಹುದು. ಕೊಟ್ಟದ್ದರ ಮೇಲೆ ಹಕ್ಕು ಸಾಧಿಸದ ಕೈಯ ಕಣಜ ಬರಿದಾಗುವುದಿಲ್ಲ.

ಎರಡನೆಯ ಊರು ದಕ್ಷಿಣಕ್ಕೆ, ತಿಂಥಣಿಯ ಬಳಿ ಕೃಷ್ಣೆಯನ್ನು ದಾಟಿ ಲಿಂಗಸುಗೂರು ತಾಲ್ಲೂಕನ್ನು ಹೊಕ್ಕರೆ ಸಿಗುವ ಅಮರೇಶ್ವರ. ಹೊಳೆಯ ಈ ದಡದ ತಿಂಥಣಿಯೇ ಮೌನೇಶ್ವರರ ಪುಣ್ಯಸ್ಥಳ. ಅಲ್ಲಿಯ ಜಾತ್ರೆಗೆ ಹಿಂದೂ ಮುಸಲ್ಮಾನರೆನ್ನದೆ ಜನ ಕೂಡುತ್ತಾರೆ. ಆಚೆಯ ಅಮರೇಶ್ವರವು ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಮೂಲನೆಲೆ. ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನವರು ಸಂತೋಷಪಡಲಿಲ್ಲ; ಹೆಚ್ಚಿನದನ್ನು ಇದ್ದಲ್ಲಿಗೇ ಸುರಿದು ಬರಲು ಕಳುಹಿಸಿದರು. ಉಳಿದ ಅಷ್ಟೇ ಅಕ್ಕಿಯಿಂದ ಆ ತಾಯಿ ಅಸಂಖ್ಯಾತ ಜಂಗಮರಿಗೆ ದಾಸೋಹ ನಡೆಸಿದರೆಂದು ಶರಣಪರಂಪರೆ ಕೊಂಡಾಡುತ್ತದೆ. ದಾಸೋಹಕ್ಕೂ ಒಂದು ಅಳತೆಯುಂಟು, ಅದು ಕಾಯಕದಿಂದ ಬಂದ ಅಳತೆ ಎಂಬುದು ಈ ಊರಿನ ಪಾಠ.

ಮೂರನೆಯದು ಉತ್ತರದ ಜೇವರ್ಗಿ ಸೀಮೆಯ ಅರಳಗುಂಡಗಿ. ಕಲಬುರ್ಗಿಯ ಮಹಾದಾಸೋಹಿ ಶರಣಬಸವೇಶ್ವರರು (1746-1822) ಜನಿಸಿದ ಊರು. ಬೆಳೆಗೆ ಎರಗುವ ಹಕ್ಕಿಗಳನ್ನು ಕವಣೆ ಬೀಸಿ ಓಡಿಸುವ ಬದಲು ಅವುಗಳಿಗೆ ಹೊಲದಲ್ಲಿ ನೀರಿಟ್ಟ ಒಕ್ಕಲಿಗ ಅವರು. ಮುಂದೆ ಕಲಬುರ್ಗಿಯಲ್ಲಿ ನೆಲೆನಿಂತು ಹಸಿದು ಬಂದವರಿಗೆ ಜಾತಿಮತ ಕೇಳದೆ ಉಣಬಡಿಸಿದರು. ಹೋಳಿಹುಣ್ಣಿಮೆಯ ನಂತರ ನಡೆಯುವ ಅವರ ಜಾತ್ರೆಗೆ ಈ ಭಾಗದ ಮನೆಮನೆಯಿಂದ ಜನ ಹೋಗುತ್ತಾರೆ. ಶ್ರಾವಣ ಮಾಸದಲ್ಲಿ ಅವರ ಪುರಾಣ ಊರೂರ ಗುಡಿಗಳಲ್ಲಿ ತಿಂಗಳುಗಟ್ಟಲೆ ನಡೆಯುತ್ತದೆ. ಪುರಾಣ ಮಂಗಲವಾದ ದಿನ ದಾಸೋಹವಿಲ್ಲದ ಊರನ್ನು ಈ ಸೀಮೆಯಲ್ಲಿ ಕಾಣುವುದು ಕಷ್ಟ.

ಉಗ್ರಾಣದಿಂದ ಪಂಕ್ತಿಯವರೆಗೆ

ದಾಸೋಹವೆಂದರೆ ಉಂಡು ಏಳುವ ಅರ್ಧ ಗಂಟೆಯಷ್ಟೇ ನಮ್ಮಲ್ಲಿ ಹಲವರಿಗೆ ಪರಿಚಯ. ಅದರ ಹಿಂದಿನ ತಿಂಗಳುಗಳನ್ನು ಕಾಣುವವರು ಸೇವೆಗೆ ನಿಂತವರು ಮಾತ್ರ. ಕೆಲಸ ಆರಂಭವಾಗುವುದು ಕಣದಲ್ಲಿ. ಜೋಳದ ರಾಶಿಯಾದಾಗ ಒಕ್ಕಲಿಗನು ಮನೆಗೆ ಚೀಲ ಹೇರುವ ಮುನ್ನ ಮಠಕ್ಕೆಂದು, ಗುಡಿಗೆಂದು ಒಂದಿಷ್ಟು ತೆಗೆದಿಡುತ್ತಾನೆ. ಹಿಂದಿನ ಕಾಲದಲ್ಲಿ ಇಂಥ ಕಾಳು ಹಗೇವು ಸೇರುತ್ತಿತ್ತು. ನೆಲದಲ್ಲಿ ತೋಡಿದ ಆ ಕಣಜಗಳನ್ನು ಬರ ಬಂದಾಗ ತೆರೆಯುತ್ತಿದ್ದರು. 1876-78ರ ಧಾತು-ಈಶ್ವರ ಸಂವತ್ಸರಗಳ ಬರದ ಹೆಸರು ಉತ್ತರ ಕರ್ನಾಟಕದ ಹಳಬರ ಬಾಯಲ್ಲಿ ಬಹುಕಾಲ ಉಳಿದಿತ್ತು. ಅಂಥ ಬರಗಳಲ್ಲಿ ಹಗೇವಿನ ಬಾಯಿ ತೆರೆದ ಊರಿಗೂ ತೆರೆಯದ ಊರಿಗೂ ಇದ್ದ ಅಂತರ ಜೀವನ್ಮರಣದ ಅಂತರ.

ಈಗ ಹಗೇವಿನ ಬದಲು ಉಗ್ರಾಣದ ಕೋಣೆ ಬಂದಿದೆ. ಅಲ್ಲಿ ಕುಳಿತ ಹಿರಿಯರು ಬಂದ ಕಾಳನ್ನು ತೂಗಿ, ಲೆಕ್ಕದ ಪುಸ್ತಕದಲ್ಲಿ ಬರೆದು, ಹಳೆಯದು ಮುಂದೆ ಹೊಸದು ಹಿಂದೆ ಇರುವಂತೆ ಚೀಲ ಜೋಡಿಸಬೇಕು. ತೊಗರಿಬೇಳೆಗೆ ಹುಳು ಹತ್ತದಂತೆ ಬಿಸಿಲು ತೋರಿಸಬೇಕು. ತಾಯಂದಿರು ಬೇಳೆ ಆರಿಸುತ್ತಾರೆ, ಅಕ್ಕಿಯ ಕಲ್ಲು ತೆಗೆಯುತ್ತಾರೆ. ಮನೆಗಳಲ್ಲಿ ಬಡಿದ ರೊಟ್ಟಿಗಳು ಬುಟ್ಟಿಗಳಲ್ಲಿ ಬರುತ್ತವೆ. ಚೆನ್ನಾಗಿ ಒಣಗಿಸಿದ ಖಡಕ್ ರೊಟ್ಟಿ ವಾರಗಟ್ಟಲೆ ಕೆಡದು. ಬಡವರ ಮನೆಯ ಕಣಜವೆಂದರೆ ಅದೇ. ಸೇಂಗಾ ಹಿಂಡಿಯೊಂದಿದ್ದರೆ ಅದರ ಮೇಲೆ ದಿನ ಕಳೆಯಬಹುದು. ದಾಸೋಹದ ದಿನ ನಸುಕಿನಲ್ಲೇ ಕೊಪ್ಪರಿಗೆಗಳು ಒಲೆಯೇರುತ್ತವೆ. ಗೋಧಿ ಹುಗ್ಗಿಯೋ ಸಜ್ಜಕವೋ, ಪುಂಡಿಪಲ್ಯ, ಅನ್ನ, ಸಾರು. ಒಬ್ಬರಿಗೆ 100 ಗ್ರಾಂ ಅಕ್ಕಿಯೆಂದು ಹಿಡಿದರೂ ಸಾವಿರ ಜನರಿಗೆ ಒಂದು ಕ್ವಿಂಟಲ್ ಬೇಕು. ಕುದಿಯುವ ಅನ್ನವನ್ನು ಉದ್ದನೆಯ ಸವುಟಿನಿಂದ ತಿರುವುವ ತೋಳಿಗೆ ಬಲವೂ ಬೇಕು, ತಾಳ್ಮೆಯೂ ಬೇಕು.

ಬಡಿಸುವುದು ಇನ್ನೂ ಸೂಕ್ಷ್ಮವಾದ ಸೇವೆ. ಉಣ್ಣುವವನ ಮುಖ ನೋಡಿ ಬಡಿಸಬೇಕು. ಕುಲ ನೋಡಿ ಅಲ್ಲ, ಉಡುಪು ನೋಡಿಯೂ ಅಲ್ಲ. ಬೇಡವೆನ್ನುವವನಿಗೆ ಸುರಿಯಬಾರದು, ಕೇಳಲು ನಾಚುವವನನ್ನು ಬಿಟ್ಟು ಮುಂದೆ ಹೋಗಬಾರದು. ದಾನ ಮಾಡುವವನು ತಾನು ಕೊಟ್ಟೆನೆಂಬ ಭಾವವನ್ನು ಉಳಿಸಿಕೊಳ್ಳಬಹುದು. ದಾಸೋಹಿಗೆ ಅದಕ್ಕೂ ಅವಕಾಶವಿಲ್ಲ; ಆ ಶಬ್ದದಲ್ಲಿಯೇ ತಾನು ದಾಸನೆಂಬ ಒಪ್ಪಿಗೆ ಅಡಗಿದೆ. ಬಡಿಸುವವನು ಬಾಗುತ್ತಾನೆ, ಉಣ್ಣುವವನು ಕುಳಿತಿರುತ್ತಾನೆ. ಪಂಕ್ತಿಯ ಆ ಭಂಗಿಯೇ ಶರಣಧರ್ಮದ ಒಂದು ವ್ಯಾಖ್ಯಾನ.

ಇದೇ ಭಾವ ನಾಡಿನಲ್ಲಿ ಬಗೆಬಗೆಯಾಗಿ ಬೆಳೆದಿದೆ. ಕೊಪ್ಪಳದ ಗವಿಮಠದ ಜಾತ್ರೆಗೆ ಹಳ್ಳಿಹಳ್ಳಿಗಳಿಂದ ಲಕ್ಷಗಟ್ಟಲೆ ರೊಟ್ಟಿ ಹರಿದುಬರುತ್ತದೆ. ಸಿದ್ಧಗಂಗೆಯಲ್ಲಿ ಡಾ. ಶಿವಕುಮಾರ ಸ್ವಾಮಿಗಳು (1907-2019) ಊರೂರು ಸುತ್ತಿ ಭಿಕ್ಷೆಯೆತ್ತಿ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳ ತ್ರಿವಿಧ ದಾಸೋಹ ನಡೆಸಿದರು. ಅವರು ಲಿಂಗೈಕ್ಯರಾದ ಜನವರಿ 21ನ್ನು ರಾಜ್ಯವು ದಾಸೋಹ ದಿನವೆಂದು ಆಚರಿಸುತ್ತದೆ. ಶಾಲೆಯ ಬಿಸಿಯೂಟದ ಯೋಜನೆ 2002ರಲ್ಲಿ ರಾಜ್ಯದ ಏಳು ಜಿಲ್ಲೆಗಳಲ್ಲಿ ಆರಂಭವಾದಾಗ ಆಗಿನ ಗುಲ್ಬರ್ಗಾ ಜಿಲ್ಲೆಯೂ ಅವುಗಳಲ್ಲಿ ಒಂದಾಗಿತ್ತು. ಸರಕಾರ ಅದಕ್ಕೆ ಇಟ್ಟ ಹೆಸರು ಅಕ್ಷರ ದಾಸೋಹ. ಹೊರಗಿನ ಜಗತ್ತೂ ಇದೇ ಹಾದಿಯನ್ನು ತನ್ನದೇ ರೀತಿಯಲ್ಲಿ ಕಂಡುಕೊಂಡಿದೆ. ಸಿಖ್ಖರ ಲಂಗರಿನಲ್ಲಿ ಎಲ್ಲರೂ ಒಂದೇ ಸಾಲಿನಲ್ಲಿ ನೆಲದ ಮೇಲೆ ಕುಳಿತು ಉಣ್ಣುತ್ತಾರೆ. ಅಮೆರಿಕದ ಫೀನಿಕ್ಸ್ ನಗರದಲ್ಲಿ ಜಾನ್ ವ್ಯಾನ್ ಹೆಂಗೆಲ್ ಎಂಬುವರು ವ್ಯರ್ಥವಾಗಿ ಹೋಗುವ ಆಹಾರವನ್ನು ಕೂಡಿಹಾಕಿ ಹಸಿದವರಿಗೆ ಹಂಚಲು 1967ರಲ್ಲಿ ಆಹಾರ ಭಂಡಾರವೊಂದನ್ನು ತೆರೆದರು. ಇಂದು ಅಂಥ ಸಾವಿರಾರು ಭಂಡಾರಗಳಲ್ಲಿ ಸಂಬಳವಿಲ್ಲದ ಸೇವಕರೂ ದುಡಿಯುತ್ತಿದ್ದಾರೆ.

ಹಣ ಬರುತ್ತದೆ, ಕೈ ಬರುವುದಿಲ್ಲ

ಇಷ್ಟೆಲ್ಲ ಹೆಮ್ಮೆಯ ನಡುವೆ ಒಂದು ಕಳವಳದ ಮಾತನ್ನು ಸಮಾಜಬಾಂಧವರ ಮುಂದೆ ಇಡದಿರಲಾರೆವು. ಊರಿನ ದಾಸೋಹಕ್ಕೆ ಇಂದು ಹಣದ ಕೊರತೆ ಅಷ್ಟಾಗಿ ಇಲ್ಲ. ನಗರದಲ್ಲಿ ನೌಕರಿಯಲ್ಲಿರುವ ಮಗ ಮೊಬೈಲಿನಲ್ಲಿಯೇ ಕಾಣಿಕೆ ಕಳುಹಿಸುತ್ತಾನೆ, ಅದು ಮೆಚ್ಚತಕ್ಕದ್ದೇ. ಆದರೆ ಕೊಪ್ಪರಿಗೆ ಇಳಿಸುವ ತೋಳು, ಎಲೆ ಎತ್ತುವ ಕೈ, ಲೆಕ್ಕ ಬರೆಯುವ ಕಣ್ಣು ಮೊಬೈಲಿನಲ್ಲಿ ಬರುವುದಿಲ್ಲ. ಸೇವೆಗೆ ನಿಂತವರ ತಲೆಗೂದಲು ನೋಡಿದರೆ ಸಾಕು, ಮುಂದಿನ ಪ್ರಶ್ನೆ ತಾನಾಗಿಯೇ ಏಳುತ್ತದೆ. ಕೆಲವೆಡೆ ಅಡುಗೆಯನ್ನು ಗುತ್ತಿಗೆಗೆ ಕೊಡುವ ರೂಢಿಯೂ ಬಂದಿದೆ. ಗುತ್ತಿಗೆಯ ಅಡುಗೆ ಹೊಟ್ಟೆ ತುಂಬಿಸೀತು. ಆದರೆ ಅಂಗಳ ಗುಡಿಸಿದ ಸಾಹುಕಾರನೂ ನೀರು ಹೊತ್ತ ಕೂಲಿಯೂ ಒಂದೇ ಕೆಲಸದಲ್ಲಿ ಕೂಡುತ್ತಿದ್ದ ಆ ಸಮಾನತೆಯನ್ನು ಅದು ತರಲಾರದು.

ಇನ್ನೊಂದು ಕೊರತೆಯೂ ಉಂಟು. ಒಂದು ದಿನದ ದಾಸೋಹದಲ್ಲಿ ಐದು ಬಗೆಯ ಭಕ್ಷ್ಯ ಮಾಡಿ, ಅರ್ಧವನ್ನು ಎಲೆಯಲ್ಲಿ ಬಿಡಿಸುತ್ತೇವೆ. ಉಳಿದ ದಿನಗಳಲ್ಲಿ ಅದೇ ಓಣಿಯ ಮುದಿಜೀವ ಏನು ಉಂಡಿತೆಂದು ಕೇಳುವವರಿಲ್ಲ. ಮಕ್ಕಳು ಗುಳೆ ಹೋದ ಮನೆಗಳಲ್ಲಿ ಉಳಿಯುವವರು ವೃದ್ಧರು. ಸರಕಾರದ ಪಡಿತರ ಅವರಿಗೆ ಬರುತ್ತದೆ, ನಿಜ. ಆದರೆ ಅಕ್ಕಿಯ ಚೀಲವನ್ನು ಮನೆಗೆ ಹೊತ್ತು ತರುವವರಿಲ್ಲ, ಕುದಿಸಿ ಕೊಡುವವರಿಲ್ಲ, ಜ್ವರ ಬಂದಾಗ ಗಂಜಿ ಕಾಯಿಸುವವರಿಲ್ಲ. 2020ರ ಮಾರ್ಚಿಯಲ್ಲಿ ದೇಶವೇ ಬಾಗಿಲು ಹಾಕಿದ ಮೇಲೆ ಗುಳೆ ಹೋದವರಲ್ಲಿ ಅನೇಕರು ಊರಿಗೆ ಮರಳಿದರು. ಯಾದಗಿರಿ ಜಿಲ್ಲೆಯ ಶಾಲೆಗಳೂ ವಸತಿನಿಲಯಗಳೂ ಅವರನ್ನು ಇರಿಸುವ ಕ್ವಾರಂಟೈನ್ ಕೇಂದ್ರಗಳಾದವು. ನಾಡಿನ ಎಷ್ಟೋ ಊರುಗಳಲ್ಲಿ ಆ ದಿನಗಳಲ್ಲಿ ಒಲೆ ಹಚ್ಚಿದವರು ಊರವರೇ. ಕಷ್ಟ ಬಂದಾಗ ಕೈಗಳು ತಾವಾಗಿ ಮುಂದೆ ಬರುತ್ತವೆಂಬುದಕ್ಕೆ ಅದು ಸಾಕ್ಷಿ. ಕಷ್ಟ ಕಣ್ಣಿಗೆ ಕಾಣದಿದ್ದಾಗಲೂ ಅವು ಬರಬೇಕಲ್ಲವೆ?

ಲಕ್ಕಮ್ಮ ತಾಯಿಯ ಅಳತೆಯನ್ನು ಹಿಡಿದು ಒಂದು ಸಣ್ಣ ಲೆಕ್ಕ ಮಾಡೋಣ. ಅಡುಗೆಗೆ ಅಕ್ಕಿಯನ್ನೋ ಜೋಳದ ಹಿಟ್ಟನ್ನೋ ಅಳೆಯುವಾಗ ಮನೆಯೊಡತಿ ದಿನಕ್ಕೊಂದು ಹಿಡಿಯನ್ನು ಬೇರೆ ಗಡಿಗೆಗೆ ಹಾಕಲಿ. ಒಂದು ಹಿಡಿಗೆ 50 ಗ್ರಾಂ ಎಂದರೆ 200 ಮನೆಗಳಿಂದ ದಿನಕ್ಕೆ 10 ಕಿಲೊ, ತಿಂಗಳಿಗೆ 3 ಕ್ವಿಂಟಲ್. ತಿಂಗಳಿಗೆ ತಲಾ 10 ಕಿಲೊದಂತೆ ಕೊಟ್ಟರೂ 30 ಒಂಟಿ ಜೀವಗಳಿಗೆ ಅದು ಸಾಕಾಗುತ್ತದೆ. ಹಿಡಿ ಧಾನ್ಯದಿಂದ ಯಾವ ಮನೆಯೂ ಬಡವಾಗದು. ಅದನ್ನು ಕೂಡಿಸಲು ತಿಂಗಳಿಗೊಮ್ಮೆ ಓಣಿ ಸುತ್ತುವ ನಾಲ್ಕು ಜನ ತರುಣರು, ಉಗ್ರಾಣಕ್ಕೆ ಒಂದು ಕೋಣೆ, ಎಲ್ಲರೂ ನೋಡಬಹುದಾದ ಒಂದು ಲೆಕ್ಕದ ಪುಸ್ತಕ ಇದ್ದರೆ ಆಯಿತು. ಕೊಡುವಾಗ ಭಾವಚಿತ್ರ ತೆಗೆಯಿಸುವುದು ಬೇಡ, ಫಲಕದಲ್ಲಿ ಹೆಸರು ಬೇಡ. ಪಡೆಯುವವರು ಯಾವ ಮತದವರೆಂದು ಕೇಳುವುದಂತೂ ಬೇಡವೇ ಬೇಡ. ಮುಟ್ಟಿಸುವುದನ್ನು ಕತ್ತಲಾದ ಮೇಲೆ ಮನೆಬಾಗಿಲಿಗೇ ಮುಟ್ಟಿಸಿದರೆ ಸ್ವಾಭಿಮಾನಿಯಾದ ಹಿರಿಯರಿಗೂ ನೋವಾಗದು.

ಮಕ್ಕಳನ್ನೂ ಈ ಸೇವೆಗೆ ಹಚ್ಚಬೇಕು. ವರ್ಷಕ್ಕೊಮ್ಮೆ ಊರಿಗೆ ಬರುವ ನೌಕರದಾರ ಮಗನಿಗೆ ಜಾತ್ರೆಯ ದಿನ ಅತಿಥಿಯ ಕುರ್ಚಿ ಕೊಡುವ ಬದಲು ಕೈಗೆ ಸವುಟು ಕೊಡೋಣ. ಮೊಮ್ಮಗಳಿಗೆ ಬೇಳೆ ಆರಿಸುವುದನ್ನು ಕಲಿಸುತ್ತ ದುಗ್ಗಳೆಯ, ಲಕ್ಕಮ್ಮನ ಕಥೆ ಹೇಳೋಣ. ಮುದನೂರು, ಅಮರೇಶ್ವರ, ಅರಳಗುಂಡಗಿಗಳು ರಂಗಂಪೇಟೆಯಿಂದ ದೂರವಲ್ಲ. ಬಿಡುವಾದಾಗ ಕುಟುಂಬ ಸಮೇತರಾಗಿ ಅಲ್ಲಿಗೆ ಹೋಗಿ ಬರಬಹುದು. ಹೋಗಿಬಂದ ಮೇಲೆ ಮನೆಯ ಮೂಲೆಯಲ್ಲಿ ಒಂದು ಗಡಿಗೆ ಇಟ್ಟು, ಅದಕ್ಕೆ ದಿನವೂ ಒಂದು ಹಿಡಿ ಕಾಳು ಬೀಳತೊಡಗಿದರೆ ಆ ಯಾತ್ರೆ ಸಫಲವಾದಂತೆ.