ದಾಳಿಂಬೆ ಮರದಡಿಯ ಏಕಶೃಂಗಿ

ಮ್ಯಾನ್‌ಹಟನ್‌ನ ಉತ್ತರ ತುದಿಯ ಗುಡ್ಡ ಹತ್ತುತ್ತಿದ್ದೀರಿ. ಎಡಕ್ಕೆ, ಮರಗಳ ಸಂದಿಯಲ್ಲಿ, ಹಡ್ಸನ್ ನದಿ ಅಗಲವಾಗಿ ಹರಿಯುತ್ತಿದೆ. ಎದುರಿಗೆ ಹಳೆಯ ಕ್ರೈಸ್ತ ಮಠದಂತಹ ಕಲ್ಲಿನ ಕಟ್ಟಡ. ಇದು ಕ್ಲಾಯ್ಸ್ಟರ್ಸ್, ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನ ಮಧ್ಯಯುಗದ ವಿಭಾಗ. ಫ್ರಾನ್ಸಿನ ಪಾಳುಮಠಗಳ ಕಂಬ, ಕಮಾನುಗಳನ್ನು ತಂದು ಜೋಡಿಸಿ 1938ರಲ್ಲಿ ತೆರೆದ ಜಾಗ. ಕಮಾನುಗಳ ಕೆಳಗೆ ಹಾದು ಒಂದು ಕೋಣೆಗೆ ಕಾಲಿಡುತ್ತೀರಿ. ಬೆಳಕು ತೀರ ಕಡಿಮೆ. ಗೋಡೆಯ ಮೇಲಿನ ನೇಯ್ಗೆಯ ಪರದೆಗಳ ಐದು ನೂರು ವರ್ಷ ಹಳೆಯ ರೇಷ್ಮೆ ಹೆಚ್ಚು ಬೆಳಕನ್ನು ತಾಳದು.

ಕಣ್ಣು ಹೊಂದಿಕೊಳ್ಳುವ ಮೊದಲೇ ಒಂದು ನೀಳ ದಂತ ಕಾಣುತ್ತದೆ. ಹುರಿಹಗ್ಗದಂತೆ ಸುತ್ತಿಕೊಂಡ ಬಿಳಿ ದಂತ, ಆಳೆತ್ತರಕ್ಕೂ ಮೀರಿದ್ದು. ಉತ್ತರ ಸಮುದ್ರಗಳ ನಾರ್ವಾಲ್ ತಿಮಿಂಗಿಲದ ಹಲ್ಲು ಇದು. ಇದನ್ನೇ ಏಕಶೃಂಗಿಯ ಕೊಂಬೆಂದು ಯುರೋಪಿನ ದೊರೆಗಳು ಚಿನ್ನ ಸುರಿದು ಕೊಂಡರು, ಊಟದಲ್ಲಿ ವಿಷವಿದ್ದರೆ ಕಳೆಯಲಿ ಎಂದು. ಡೆನ್ಮಾರ್ಕಿನ ವೈದ್ಯ ಓಲೆ ವರ್ಮ್ 1638ರಲ್ಲಿ ನಿಜ ಹೇಳಿದ. ಆದರೆ ಸುತ್ತಲಿನ ಗೋಡೆಯ ಪರದೆಗಳನ್ನು ನೇಯುವಾಗ, 1500ರ ಆಸುಪಾಸಿನಲ್ಲಿ, ಏಕಶೃಂಗಿ ಎಲ್ಲೋ ಇದ್ದೇ ಇದೆ ಎಂಬ ನಂಬಿಕೆ ಗಟ್ಟಿಯಾಗಿತ್ತು. ಎಲ್ಲಿ? ಕ್ರಿ.ಪೂ. 400ರ ಸುಮಾರಿಗೆ ಬರೆದ ಗ್ರೀಕ್ ವೈದ್ಯ ಕ್ಟೀಸಿಯಸ್‌ನ ಪ್ರಕಾರ ನಮ್ಮಲ್ಲೇ, ಇಂಡಿಯಾದಲ್ಲಿ. ಬಿಳಿ ಮೈ, ಕೆಂಪು ತಲೆ, ನೀಲಿ ಕಣ್ಣಿನ ಕಾಡುಕತ್ತೆ. ಅದರ ಕೊಂಬಿನ ಬಟ್ಟಲಲ್ಲಿ ಕುಡಿದವರಿಗೆ ವಿಷ ಏರದು.

ಈಗ ಗೋಡೆಯತ್ತ ತಿರುಗಿ. ಕಾರಂಜಿಯಿಂದ ಹರಿಯುವ ತೊರೆಗೆ ಬಿಳಿ ಪ್ರಾಣಿ ಮೊಣಕಾಲೂರಿ ಕೊಂಬು ಅದ್ದಿದೆ. ಮೇಕೆಯ ಗಡ್ಡ, ಸೀಳು ಗೊರಸು. ಸಿಂಹದ ಜೋಡಿ, ಜಿಂಕೆ, ಕತ್ತೆಕಿರುಬ, ಎಲ್ಲವೂ ನೀರು ಶುದ್ಧವಾಗಲೆಂದು ಕಾದಿವೆ. ಹಿಂದೆ ಬೇಟೆಗಾರರು ಗುಂಪುಗೂಡಿದ್ದಾರೆ. ಇನ್ನೂ ಮೇಲೆ ಬಿದ್ದಿಲ್ಲ. ಲೋಕದ ವಿಷ ತೊಳೆಯುವವನು ಎಂದರೆ ಆ ಕಾಲದ ನೋಡುಗನಿಗೆ ಕ್ರಿಸ್ತ. ಯಾರೂ ವಿವರಿಸಬೇಕಿರಲಿಲ್ಲ.

ಮುಂದಿನದೊಂದರಲ್ಲಿ ಕರುಣೆಯಿಲ್ಲ. ಹಿಂಗಾಲು ಝಾಡಿಸುತ್ತ ಏಕಶೃಂಗಿ ಒಂದು ಬೇಟೆನಾಯಿಯನ್ನು ಕೊಂಬಿನಿಂದ ಸೀಳಿದೆ. ಎಡಕ್ಕೆ ಕಹಳೆ ಊದುವವನ ಕತ್ತಿಯ ಒರೆಯನ್ನು ಬಗ್ಗಿ ನೋಡಿ. ಅಲ್ಲಿ ಮೇರಿಮಾತೆಯನ್ನು ಸ್ತುತಿಸುವ ಲ್ಯಾಟಿನ್ ಅಕ್ಷರಗಳಿವೆ. ಇವನು ಬೇಟೆಗಾರನ ವೇಷದ ದೇವದೂತ ಗೇಬ್ರಿಯಲ್ ಎಂದು ಬಲ್ಲವರು ಓದುತ್ತಾರೆ. ಇಷ್ಟು ಗದ್ದಲದ ನಡುವೆ ಅಷ್ಟು ಚಿಕ್ಕ ಸುಳಿವನ್ನು ನೇಯ್ದವನ ತಾಳ್ಮೆಗೆ ಕೈ ಮುಗಿಯಬೇಕು.

ಅದರಾಚೆ ಎರಡು ತುಂಡುಗಳು ಮಾತ್ರ ಉಳಿದ ಪರದೆ. ಗುಲಾಬಿ ಬೇಲಿಯ ತೋಟದಲ್ಲಿ ಪ್ರಾಣಿ ಪಳಗಿ ನಿಂತಿದೆ. ಕಥೆಯ ಪ್ರಕಾರ ಅದನ್ನು ಪಳಗಿಸಿದ ಕನ್ಯೆ ಎಲ್ಲಿ? ಕುತ್ತಿಗೆ ಸವರುವ ಕೈಬೆರಳುಗಳು, ತೋಳಿನ ಒಂದಿಷ್ಟು ಬಟ್ಟೆ, ಅಷ್ಟೇ. ಪೂರ್ತಿ ಕಾಣುವುದು ಬೇಟೆಗಾರನಿಗೆ ಸನ್ನೆ ಮಾಡುತ್ತಿರುವ ಇನ್ನೊಬ್ಬ ಹೆಂಗಸು. ಫ್ರೆಂಚ್ ಕ್ರಾಂತಿಯಲ್ಲಿ ಲೂಟಿಯಾದ ಈ ಪರದೆಗಳು ರೈತರ ಆಲೂಗೆಡ್ಡೆ ರಾಶಿಗೆ ಹೊದಿಕೆಯಾಗಿದ್ದವು. 1850ರ ದಶಕದಲ್ಲಿ ಮರಳಿ ಸಿಕ್ಕವು. ಕೊನೆಗೆ ಕೊಂಡ ಜಾನ್ ಡಿ. ರಾಕ್‌ಫೆಲರ್ ಜೂನಿಯರ್ 1937ರಲ್ಲಿ ಮ್ಯೂಸಿಯಮ್ಮಿಗೆ ಕೊಟ್ಟರು.

ಶೃಂಗೇರಿ ಬಳಿಯ ಕಿಗ್ಗದಲ್ಲಿ ಋಷ್ಯಶೃಂಗೇಶ್ವರನ ಗುಡಿಗೆ ಹೋಗಿಬಂದವರಿಗೆ ಈ ತುಂಡಿನೆದುರು ಕಥೆ ಹೊಸದೆನಿಸದು. ಜಿಂಕೆಯ ಹೊಟ್ಟೆಯಲ್ಲಿ ಹುಟ್ಟಿದ ಕೊಂಬಿನ ಋಷಿಯನ್ನು ಕಾಡಿನಿಂದ ಅರಮನೆಗೆ ಕರೆತಂದದ್ದೂ ಹೆಣ್ಣೇ. ಎರಡು ಕಥೆಗಳ ಬೇರು ಒಂದೇ ಎಂದು ವಾದಿಸಿದ ವಿದ್ವಾಂಸರಿದ್ದಾರೆ. ನಮ್ಮ ಋಷಿ ಬಂದದ್ದರಿಂದ ಅಂಗರಾಜ್ಯಕ್ಕೆ ಮಳೆ ಬಂತು. ಇಲ್ಲಿ ಮಾತ್ರ ಮುಂದಿನ ಪರದೆಯಲ್ಲಿ ಈಟಿ ಇರಿಯುತ್ತದೆ, ಶವವನ್ನು ಕುದುರೆಯ ಬೆನ್ನಿಗೆ ಹೇರಿ ಕೋಟೆಗೆ ತರುತ್ತಾರೆ. ಕುತ್ತಿಗೆಗೆ ಮುಳ್ಳಿನ ಕೊಂಬೆ ಸುತ್ತಿದೆ. ಕ್ರಿಸ್ತನ ಮುಳ್ಳಿನ ಕಿರೀಟ.

ಈಗ ಕೊನೆಯದು. ಕಡುಹಸಿರು ನೆಲದ ತುಂಬ ಹೂ. ನಡುವೆ ದುಂಡನೆಯ ಮರದ ಬೇಲಿಯೊಳಗೆ, ಜೀವಂತ, ಅದೇ ಬಿಳಿ ಪ್ರಾಣಿ ಕೂತಿದೆ. ಕೊರಳಪಟ್ಟಿಯ ಸರಪಳಿ ದಾಳಿಂಬೆ ಮರಕ್ಕೆ ಬಿಗಿದಿದೆ. ಉಣ್ಣೆಯ ಹಾಸು, ಹೊಕ್ಕಿಗೆ ಉಣ್ಣೆ, ರೇಷ್ಮೆ, ಬೆಳ್ಳಿ ಎಳೆ, ಚಿನ್ನದ ಲೇಪದ ಎಳೆ. ಇಷ್ಟೆಲ್ಲ ಬಣ್ಣ ಹೊಮ್ಮಿದ್ದು ಮೂರೇ ಗಿಡಗಳಿಂದ: ಹಳದಿಗೆ ವೆಲ್ಡ್, ಕೆಂಪಿಗೆ ನಮ್ಮ ಮಂಜಿಷ್ಠದ ಬಳಗದ ಮ್ಯಾಡರ್, ನೀಲಿಗೆ ವೋಡ್.

ಹತ್ತಿರ ಹೋಗಿ. ಬಿಳಿ ಪಕ್ಕೆಯ ಮೇಲೆ ಕೆಂಪು ಹನಿಗಳು. ರಕ್ತ ಎಂದುಕೊಳ್ಳುತ್ತೀರಿ. ಗಾಯ ಹುಡುಕಿ, ಸಿಗದು. ತಲೆಯೆತ್ತಿದರೆ ಮೇಲೆ ಬಿರಿದ ದಾಳಿಂಬೆ. ತೊಟ್ಟಿಕ್ಕುತ್ತಿರುವುದು ಅದರ ರಸ. ಆ ಕಾಲಕ್ಕೆ ದಾಳಿಂಬೆ ಮದುವೆಗೂ ಸಂತಾನಕ್ಕೂ ಗುರುತು, ಕ್ರಿಸ್ತನಿಗೂ ಗುರುತು. ಸುತ್ತಲಿನ ಸೀತಾಳೆಯನ್ನು ಮಕ್ಕಳಾಗಲೆಂದು ಮದ್ದಾಗಿ ಕೊಡುತ್ತಿದ್ದರು. ಕೆಳಗೆ ಬಲಕ್ಕೆ, ನೇರಳೆ ಹೂಗಳ ನಡುವೆ, ಒಂದು ಪುಟ್ಟ ಕಪ್ಪೆ ಅಡಗಿದೆ. ಜೊತೆಗಾತಿಯನ್ನು ಕೂಗಿ ಕರೆಯುವ ಪ್ರಾಣಿಯೆಂದು ಅದಕ್ಕೂ ಹೆಸರು. ಬೇಲಿ ಎಷ್ಟು ಗಿಡ್ಡ ನೋಡಿ, ಒಂದೇ ನೆಗೆತಕ್ಕೆ ದಾಟಬಹುದು. ಪ್ರಾಣಿ ದಾಟುತ್ತಿಲ್ಲ. ಮುಖದಲ್ಲಿ ನೋವಿಲ್ಲ.

ಸತ್ತು ಎದ್ದ ಕ್ರಿಸ್ತನೋ, ಪ್ರೀತಿಗೆ ಒಲಿದು ಕಟ್ಟುಬಿದ್ದ ಮದುಮಗನೋ? ವಿದ್ವಾಂಸರಲ್ಲಿ ಎರಡೂ ಪಕ್ಷಗಳಿವೆ. ಈ ಪರದೆ ಬೇಟೆಯ ಕಥೆಗೆ ಸೇರಿದ್ದೇ ಅಲ್ಲವೆನ್ನುವವರೂ ಉಂಟು. ಆರಿಸಿಕೊಳ್ಳಬೇಕಿಲ್ಲ ಎಂದೇ ನನ್ನ ದೃಢ ಅಭಿಪ್ರಾಯ. ಭಕ್ತಿಗೂ ಪ್ರೇಮಕ್ಕೂ ಒಂದೇ ರೂಪಕ ಸಾಕಾಗಿದ್ದ ಕಾಲದ ಕೆಲಸ ಇದು. ನ್ಯೂಯಾರ್ಕಿಗೆ ಹೋದರೆ ಕ್ಲಾಯ್ಸ್ಟರ್ಸ್‌ಗೆ ಅರ್ಧ ದಿನ ಎತ್ತಿಡಿ. ಬೇಲಿಯೊಳಗಿನ ಏಕಶೃಂಗಿಯ ಫೋಟೊ ತೆಗೆದು ಹೊರಟುಬಿಡಬೇಡಿ. ನಾಯಿಯನ್ನು ಸೀಳಿದ ಪರದೆಯನ್ನೂ ಶವ ಹೊತ್ತ ಕುದುರೆಯನ್ನೂ ನೋಡಿದ ಮೇಲೆಯೇ ಅದರ ಮುಂದೆ ನಿಲ್ಲಿ.